ಕ್ವಾರಿ ಹೊಂಡದ ಮೇಲಿನ ನೀರು

ಸೋಮವಾರ ಬೆಳಿಗ್ಗೆ ಏಳಕ್ಕೆ ಚನ್ನಗಿರಿಯಿಂದ ಬಸ್ ಹತ್ತಿದೆವು. ಜೊತೆಗಿದ್ದವರು, ಕೆಲಸಕ್ಕೆ ಕೈಜೋಡಿಸಲು ನನ್ನನ್ನು ಕರೆದಿದ್ದ ನಲ್ಲೂರಿನ ಪಂಪ್ ಮೆಕ್ಯಾನಿಕ್ ರುದ್ರೇಶಪ್ಪ. ಹದಿನೈದು ದಿನದ ಹಿಂದೆ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹಳೇ ಕಲ್ಲುಕ್ವಾರಿ ಹೊಂಡಕ್ಕೆ ಅವರು ಮೋಟರ್ ಕೂರಿಸಿದ್ದರು. ಆ ನೀರನ್ನು ಕುರಿಗಳು ಮೂಸಿ, ಕುಡಿಯದೆ ಬಿಡುತ್ತಿವೆ ಎಂದು ಮಂದೆಯ ಒಡತಿ ಕೆಂಚಮ್ಮ ಫೋನ್ ಮಾಡಿದ್ದರು. ಕೊಡದಲ್ಲಿ ಹೊತ್ತು ತಂದ ನೀರು ಇಡೀ ಮಂದೆಗೆ ಸಾಲುತ್ತಿರಲಿಲ್ಲ. ಸಂಜೆಯೊಳಗೆ ಸರಿಯಾಗದಿದ್ದರೆ ಮರುದಿನ ಅವರು ನೀರು ಹುಡುಕಿ ಮಂದೆ ಹೊಡೆದುಕೊಂಡು ಊರು ಬಿಡಬೇಕಿತ್ತು. ಮಂದೆಯಲ್ಲಿ ಹುಟ್ಟಿ ವಾರವಾಗದ ಮರಿಗಳಿದ್ದವು.

ದಾವಣಗೆರೆಯಲ್ಲಿ ಬಸ್ ಬದಲಿಸುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. "ನನ್ನ ಮೋಟರ್‌ದೇನೂ ತಪ್ಪಿಲ್ರಿ. ಕುರಿಗೇ ಸೊಕ್ಕು ಐತೆ" ಎಂದರು ರುದ್ರೇಶಪ್ಪ. ಮುಂದೆ ಅಡಿಕೆ ತೋಟಗಳು ಮರೆಯಾಗಿ ಮೆಕ್ಕೆಜೋಳ, ಶೇಂಗಾ ಹೊಲಗಳು ಬಂದವು. ಮೋಡವಿದ್ದರೂ ಸೆಕೆ. ಜಗಳೂರಿನಿಂದ ಆಟೋ ಹಿಡಿದೆವು.

ಕೆಂಚಮ್ಮ ಲೋಟ ಹಿಡಿದೇ ನಿಂತಿದ್ದರು. "ಬರ್ರಿ ಇಂಜಿನಿಯರ್ರೇ. ನಿಮ್ಮ ಮೋಟರ್ ನೀರು ಮೊದ್ಲು ನೀವೇ ಕುಡೀರಿ."

ರುದ್ರೇಶಪ್ಪ ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದರು. ಉಪ್ಪು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ.

"ಕೊಡದಾಗ ತರೋವಾಗ ಸಿಹಿ ಇತ್ತಲ್ರೀ?" ಎಂದ ಕೆಂಚಮ್ಮ, ಹೊಂಡಕ್ಕಿಳಿದು ತೋರಿಸಿದರು. ಕೊಡವನ್ನು ಮುಳುಗಿಸದೆ, ಮಗ್ಗುಲಿಗೆ ಒರಗಿಸಿ ಮೇಲಿನ ನೀರನ್ನಷ್ಟೇ ತುಂಬಿಕೊಂಡರು. "ಮುಳುಗಿಸಿದ್ರೆ ನಮ್ಮತ್ತೆ ಬೈಯೋಳು. ಮಳೆ ನೀರು ಮೇಲೆ ಕುಂತಿರ್ತೈತೆ, ಕದಡಬ್ಯಾಡ ಅನ್ನೋಳು."

ರುದ್ರೇಶಪ್ಪ ಬಾಟಲಿಗೆ ಕಲ್ಲು ಕಟ್ಟಿದರು, ಬೂಚಿಗೆ ಬೇರೊಂದು ದಾರ ಕಟ್ಟಿದರು. ನೀರಿಗೆ ಇಳಿಬಿಟ್ಟು, ಬೇಕಾದ ಆಳದಲ್ಲಿ ದಾರ ಎಳೆದು ಬೂಚು ತೆಗೆದರು. ಒಂದು ಮೊಳದಲ್ಲಿ ಸಿಹಿ. ಎರಡು ಮಾರಿನಲ್ಲಿ ಉಪ್ಪು. ತಳದ್ದನ್ನು ಮೂಸಿಯೇ ಚೆಲ್ಲಿದರು. ಉಪ್ಪುನೀರು ಭಾರ, ಕೆಳಗೇ ನಿಂತಿತ್ತು. ಮಳೆ ನೀರು ಅದರ ಮೇಲೆ ತೇಲಿತ್ತು. ಗಾಳಿ ಇಳಿಯದ ತಳದಲ್ಲಿ ಕಸ, ಹಿಕ್ಕೆ ಕೊಳೆತಿದ್ದವು. ಪೈಪಿನ ಬಾಯಿ ಇದ್ದದ್ದು ಅಲ್ಲೇ.

"ನಮ್ಮ ಕಡೆ ತೋಟದ ಬಾವಿಗೆ ತಳಮಟ್ಟ ಬಿಡೋದು ರೂಢಿ. ಇಲ್ಲೂ ಹಂಗೇ ಬಿಟ್ಟೆ ನೋಡವ್ವ" ಎಂದರು.

"ಕುರಿಗೆ ಸೊಕ್ಕಿಲ್ಲ ಅಂದಂಗಾತು" ಎಂದೆ.

ಪೈಪಿನ ಬಾಯಿಯನ್ನು ಖಾಲಿ ಡ್ರಮ್ಮಿಗೆ ಕಟ್ಟಿ, ಅದು ನೀರಿನ ಮೇಲ್ಮೈಯಿಂದ ಒಂದು ಮೊಳ ಕೆಳಗೆ ನಿಲ್ಲುವಂತೆ ಡ್ರಮ್ಮನ್ನು ತೇಲಿಬಿಟ್ಟೆವು. ಪೈಪಿನಲ್ಲಿದ್ದ ಹಳೇ ನೀರನ್ನು ಹೊರಗೆ ಹರಿಸಿ, ಕುರಿಗಳ ತೊಟ್ಟಿ ತೊಳೆದು ತುಂಬಿಸಿದಾಗ ನಾಲ್ಕು ಗಂಟೆ. ದೊಡ್ಡ ಟಗರು ಮೂಸಿತು, ತಲೆ ಎತ್ತಿ ರುದ್ರೇಶಪ್ಪನವರನ್ನು ನೋಡಿತು, ಮತ್ತೆ ಬಗ್ಗಿ ಕುಡಿಯಿತು. ಹಿಂದೆಯೇ ಮಂದೆ ನುಗ್ಗಿತು.

"ಪಾಸಾದ್ರಿ ಬಿಡ್ರಿ" ಎಂದರು ಕೆಂಚಮ್ಮ.

"ದಿನಾ ಬಾಟ್ಲಿ ಬಿಟ್ಟು ರುಚಿ ನೋಡ್ರವ್ವ. ಉಪ್ಪು ಮೇಲಕ್ಕೆ ಬಂದ್ರೆ ಮೋಟರ್ ನಿಲ್ಸಿ" ಎಂದು ರುದ್ರೇಶಪ್ಪ ಬಾಟಲಿಯನ್ನು ಅಲ್ಲೇ ಬಿಟ್ಟರು. ಐದೂವರೆಯ ಬಸ್ಸಿಗೆ ಹೊರಟೆವು.

ಮುಂದಿನ ಭಾನುವಾರ ಕೆಂಚಮ್ಮ ಫೋನ್ ಮಾಡಿದರು. ಹೊಂಡ ಒಂದು ಗೇಣು ಇಳಿದಿದೆ, ಡ್ರಮ್ಮೂ ಅಷ್ಟೇ ಇಳಿದಿದೆ. ಒಂದು ಮೊಳದ ನೀರು ಇನ್ನೂ ಸಿಹಿ. ಮಂದೆ ಊರಲ್ಲೇ ಇದೆ.