ಉಪವಾಸದ ಚೀಟಿ

ಪರ್ತ್‌ನ ಥಾರ್ನ್ಲಿಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಕಾಸ್ಟೆಲೊರಿಜೊ ಎಂಬ ಪುಟ್ಟ ಗ್ರೀಕ್ ದ್ವೀಪದವರು. ಈಗ ಅಲ್ಲಿರುವವರಿಗಿಂತ ಅಲ್ಲಿಂದ ಪರ್ತ್‌ಗೆ ಬಂದವರ ಸಂತಾನವೇ ಹೆಚ್ಚು ಎನ್ನುತ್ತಾರೆ. ಬೇಲಿಯ ಮೇಲಿಂದ ಅವರು ನಿಂಬೆಹಣ್ಣು ಕೊಡುತ್ತಾರೆ, ನಮ್ಮತ್ತೆ ಕರಿಬೇವು ಕೊಡುತ್ತಾರೆ. ವರ್ಷಗಟ್ಟಲೆ ಆ ದ್ವೀಪದ ಕತೆ ಕೇಳಿ ಕೇಳಿ ಅತ್ತೆಗೇ ಅದನ್ನು ನೋಡುವ ಆಸೆ ಹತ್ತಿತು. ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. ಒಂಬತ್ತು ವರ್ಷದ ಮಗಳಿಗೆ ಎರಡು ವಾರ ಸ್ಕೂಲಿಗೆ ಚಕ್ಕರ್ ಹೊಡೆಸಿ, ಆಗಸ್ಟ್ ಮೊದಲ ವಾರ ಮೂವರು ಹೆಂಗಸರು ಹೊರಟೆವು.

ಊಟದ್ದೇ ಚಿಂತೆ. ಅತ್ತೆ ಮೈಸೂರಿನವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಆಂಟಿ ಅದಕ್ಕೊಂದು ಉಪಾಯ ಹೇಳಿದರು. ಅವರ ಧರ್ಮದಲ್ಲಿ ಉಪವಾಸವೆಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲ ಬಿಡುವುದಂತೆ. ಆಗಸ್ಟ್‌ನ ಮೊದಲೆರಡು ವಾರ ಅಲ್ಲಿ ಬಹಳ ಜನ ಹಾಗೆಯೇ ಉಣ್ಣುತ್ತಾರಂತೆ. ‘ಈ ಅಮ್ಮನಿಗೆ ಉಪವಾಸದ ಅಡುಗೆ ಬಡಿಸಿ’ ಎಂದು ಗ್ರೀಕ್‌ನಲ್ಲಿ ಒಂದು ಚೀಟಿ ಬರೆದುಕೊಟ್ಟರು. ಅತ್ತೆ ಅದನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಂಡರು. "ನೋಡಮ್ಮ, ನಮ್ಮ ಥರಾನೇ ಜನ" ಅಂದರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನು ಮೀನು ತಿನ್ನುತ್ತೇನೆ. ಆಸ್ಟ್ರೇಲಿಯಾಕ್ಕೆ ಬಂದ ಎರಡನೇ ವರ್ಷ ಆಫೀಸಿನವರ ಜೊತೆ ರುಚಿ ನೋಡಿದೆ, ಹಿಡಿಸಿತು, ಅಷ್ಟೇ. ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿರಲಿಲ್ಲ. ಶನಿವಾರ ಮಗಳ ಈಜು ಕ್ಲಾಸ್ ಮುಗಿದ ಮೇಲೆ ಕೆಲವೊಮ್ಮೆ ಫ್ರೀಮ್ಯಾಂಟಲ್‌ಗೆ ಹೋಗಿ, ಬಂದರಿನ ಪಕ್ಕ ಕಾರು ನಿಲ್ಲಿಸಿ, ಒಳಗೇ ಕೂತು ಇಬ್ಬರೂ ಮೀನು, ಆಕ್ಟೋಪಸ್‌ನ ಜಾತಿಯದೇ ಆದ ಕ್ಯಾಲಮಾರಿ ತಿನ್ನುತ್ತಿದ್ದೆವು. ಆಮೇಲೆ ಪುದೀನದ ಚ್ಯೂಯಿಂಗ್ ಗಮ್. "ಅಜ್ಜಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ" ಎಂದು ಮಗಳಿಗೆ ಪ್ರತಿ ಸಲವೂ ಹೇಳುತ್ತಿದ್ದೆ. ಮನೆಯಲ್ಲಿ ಶಾಂತಿ ಇರಲಿ ಎಂದು ಹಾಗೆ ಮಾಡುತ್ತಿದ್ದೇನೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಬೀಚ್ ಎಂದು ಬ್ಯಾಗಿನ ತುಂಬ ಬಕೆಟ್ಟು, ಸಲಿಕೆ ಹೊತ್ತುಕೊಂಡು ಹೋದರೆ ದ್ವೀಪದಲ್ಲಿ ಮರಳೇ ಇಲ್ಲ. ಬಂದರಿನ ಕಟ್ಟೆಯಿಂದ ಕಬ್ಬಿಣದ ಏಣಿ ಇಳಿದರೆ ನೇರ ಆಳದ ನೀರು. ಮಗಳು ದಿನವಿಡೀ ಅಲ್ಲೇ ಬಿದ್ದಿರುತ್ತಿದ್ದಳು. ಕಟ್ಟೆಯ ಸುತ್ತ ಹಳದಿ, ಗುಲಾಬಿ, ನೀಲಿ ಬಣ್ಣದ ಮನೆಗಳು, ಅವುಗಳ ಹಿಂದೆ ಯುದ್ಧದಲ್ಲಿ ಹಾಳಾಗಿ ಹಾಗೇ ಉಳಿದ ಗೋಡೆಗಳು. ಹಳೆಯ ಕೋಟೆಯ ಮೆಟ್ಟಿಲನ್ನು ಅತ್ತೆ ಮಂಡಿನೋವಿನಲ್ಲೂ ಹತ್ತಿದರು. ಎದುರಿನ ದಡ ಟರ್ಕಿ ಎಂದು ತಿಳಿದು, "ಇಷ್ಟು ಹತ್ತಿರಾನಾ? ಕೂಗಿದ್ರೆ ಕೇಳ್ಸುತ್ತೆ" ಅಂದರು.

ಎರಡು ದಿನ ಚೀಟಿ ಚೆನ್ನಾಗಿಯೇ ಕೆಲಸ ಮಾಡಿತು. ದಪ್ಪ ಅವರೆಯಂಥ ಕಾಳಿನ ಟೊಮೆಟೊ ಗೊಜ್ಜು, ನಿಂಬೆರಸ ಹಿಂಡಿದ ಬೆಂದ ಸೊಪ್ಪು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಮೂರನೇ ದಿನ ಮಧ್ಯಾಹ್ನ ಬೇರೆ ಹೋಟೆಲಿಗೆ ಹೋದೆವು. ಅದನ್ನು ನಡೆಸುತ್ತಿದ್ದ ಅಜ್ಜಿ ಪರ್ತ್‌ನಲ್ಲೇ ಅರ್ಧ ಆಯುಷ್ಯ ಕಳೆದು ಬಂದವರು. ಚೀಟಿ ಓದಿ "ನೋ ವರೀಸ್, ಡಾರ್ಲ್" ಎಂದು ಒಳಗೆ ಹೋದರು. ತಂದು ಅತ್ತೆಯ ಮುಂದಿಟ್ಟದ್ದು ಕೆಂಡದ ಮೇಲೆ ಸುಟ್ಟ ಆಕ್ಟೋಪಸ್‌ನ ಕಾಲು.

ಅತ್ತೆಗೆ ಅದೇನೆಂದು ತಕ್ಷಣ ತಿಳಿಯಲಿಲ್ಲ. ಅಷ್ಟರಲ್ಲಿ ಮಗಳು ಕುರ್ಚಿಯಿಂದ ಎದ್ದು, "ಅಮ್ಮಾ, ಲುಕ್! ಫ್ರೀಮ್ಯಾಂಟಲ್‌ದು ಥರಾನೇ! ಯುವರ್ ಫೇವರಿಟ್!" ಅಂದಳು. ಅಂದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅತ್ತೆ ತಟ್ಟೆ ನೋಡಲಿಲ್ಲ. ಆ ಕೈಗಳನ್ನೇ ನೋಡಿದರು. ಹೋಟೆಲಿನ ಅಜ್ಜಿ ಗಾಬರಿಯಾಗಿ, ಇದರಲ್ಲಿ ಮೀನಿನ ಹಾಗೆ ರಕ್ತ ಇರುವುದಿಲ್ಲ, ಹಾಗಾಗಿ ನಮಗೆ ಉಪವಾಸಕ್ಕೆ ನಡೆಯುತ್ತದೆ ಎಂದು ವಿವರಿಸಿ, ತಟ್ಟೆ ತೆಗೆದು ಕಾಳು, ಸೊಪ್ಪು ತಂದರು. ಅತ್ತೆ ಅವರಿಗೆ ಕೈಮುಗಿದು ಊಟ ಮಾಡಿದರು. ನನ್ನೊಡನೆ ಆ ದಿನವೆಲ್ಲ ಮಾತಿಲ್ಲ. ನನಗೆ ನಾಚಿಕೆಗಿಂತ ಮೊದಲು ಸಿಟ್ಟೇ ಬಂತು, ನಲವತ್ತು ದಾಟಿದವಳು ನಾನೇನು ತಿನ್ನಬೇಕೆಂದು ಯಾರನ್ನು ಕೇಳಬೇಕು ಎಂದು. ವಾದವನ್ನೆಲ್ಲ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆ ಕಟ್ಟೆಯ ಮೇಲೆ ಕೂತು, ಏಣಿಯ ಮೇಲಿನ ಮೆಟ್ಟಿಲಲ್ಲಿ ಕಾಲಿಟ್ಟುಕೊಂಡಿದ್ದರು. ಪಕ್ಕ ಕೂತೆ.

"ನೀನು ತಿಂದಿದ್ದಕ್ಕೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಅದು ಹೋಗ್ಲಿ, ನಿನ್ನಿಷ್ಟ. ಆದ್ರೆ ಮಗೂಗೆ ನನ್ನ ಕಂಡ್ರೆ ಬಾಯಿ ಮುಚ್ಕೊಳ್ಳೋದು ಕಲ್ಸಿದ್ಯಲ್ಲ. ನಾನು ಅಂಥವಳೇನಮ್ಮ?"

ಸಿದ್ಧಮಾಡಿಕೊಂಡ ವಾದವನ್ನೆಲ್ಲ ಬಿಟ್ಟೆ. "ತಪ್ಪಾಯ್ತು ಅತ್ತೆ" ಅಂದೆ. ಅವರಿಗೆ ನಾನು ‘ಆದರೆ’ ಸೇರಿಸದೆ ಹಾಗೆ ಹೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಅತ್ತೆ ಅದನ್ನು ಕಂಡೂ ಕಾಣದವರ ಹಾಗೆ, ನೀರಿನಲ್ಲಿ ತಲೆಯೆತ್ತಿದ ಆಮೆಯನ್ನು ತೋರಿಸಿದರು.

ಮಧ್ಯಾಹ್ನ ಅವರೇ ಅದೇ ಹೋಟೆಲಿಗೆ ಕರೆದೊಯ್ದರು. ತಮಗೆ ಕಾಳು ಹೇಳಿ, ನನ್ನನ್ನೂ ಮಗಳನ್ನೂ ತೋರಿಸಿ, "ಇವ್ರಿಬ್ರಿಗೆ ನಿನ್ನೇದು" ಎಂದು ಕನ್ನಡದಲ್ಲೇ ಅಂದರು. ಆ ಅಜ್ಜಿಗೆ ಅರ್ಥವಾಯಿತು. ತಟ್ಟೆ ಬಂದಾಗ ಅತ್ತೆ ತಮ್ಮ ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡರು, ಆದರೆ ಏಳಲಿಲ್ಲ. ಮಗಳು ಒಂದು ತುಂಡು ಬಾಯಿಗಿಟ್ಟಳು.

"ಹೇಗಿದೆ ಪುಟ್ಟಾ? ಅಜ್ಜಿಗೆ ಹೇಳು" ಎಂದು ಅತ್ತೆ ಕೇಳಿದರು.

ಮಗಳು ಅಗಿಯುವುದನ್ನು ನಿಲ್ಲಿಸಿದಳು. ಉತ್ತರ ಕೊಡುವ ಮುಂಚೆ, ಹೇಳಬಹುದಾ ಎಂದು ನನ್ನ ಮುಖ ನೋಡಿದಳು.