ಮೊದಲು ಎಂಟು ಸಾವಿರ ದಾಟಿದಾಕೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕ್ರೀಡಾಂಗಣದ ಒಳಗೆ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ, ಎಡ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಾಳೆ. ಬಲೆಯಿಂದ ಇಳಿದ ಚೆಂಡು ನೆಲ ಮುಟ್ಟುವ ಮೊದಲೇ ಅವಳ ಕೈ ಸೇರುತ್ತದೆ, ಮರುಕ್ಷಣ ಎದುರಿನ ಆಟಗಾರನ ಎದೆಮಟ್ಟಕ್ಕೆ ಹಾರುತ್ತದೆ. ಅವನು ಎಸೆಯುತ್ತಾನೆ, ಇವಳು ಹಿಡಿಯುತ್ತಾಳೆ. ದಿನಕ್ಕೆ ಐನೂರು ಸಲ.

"ಮೊಣಕೈ ಹೊರಗೆ ಹೋಯ್ತು. ರೆಕ್ಕೆ ಬಡಿಯೋ ಕೋಳಿ ಥರ ಎಸೀಬೇಡ," ಎಂದು ಗದರುತ್ತಾಳೆ.

"ಸರಿ ಅಕ್ಕ," ಎನ್ನುತ್ತಾನೆ ಆತ. ಊರಿನ ಗೋಡೆ ಗೋಡೆಯ ಮೇಲೂ ಅವನ ಚಿತ್ರವಿದೆ. ಪತ್ರಿಕೆಗಳು ಅವನಿಗಿಟ್ಟ ಹೆಸರು 'ಬಾಣ'. ಕ್ಲಬ್ಬಿನವರು ಇವಳಿಗಿಟ್ಟ ಹೆಸರು 'ಚೆಂಡಕ್ಕ'.

ಚೆಂಡಕ್ಕನೂ ಇದೇ ಕ್ಲಬ್ಬಿನ ವೃತ್ತಿಪರ ಆಟಗಾರ್ತಿಯಾಗಿದ್ದಳು ಎಂಬುದು ಈಗಿನ ಬಹುಪಾಲು ಜನರಿಗೆ ಗೊತ್ತಿಲ್ಲ. ಮಹಿಳಾ ತಂಡದಲ್ಲಿ ಹನ್ನೆರಡು ವರ್ಷ ಆಡಿದಳು. ಗಳಿಸಿದ ಅಂಕ ಎಂಟು ಸಾವಿರದ ಮುನ್ನೂರ ಹನ್ನೆರಡು. ಒಂದೇ ಪಂದ್ಯದಲ್ಲಿ ನಲವತ್ತೊಂದು ಅಂಕ ಹೊಡೆದ ದಿನ ಗ್ಯಾಲರಿಯಲ್ಲಿ ಇದ್ದವರು ಆಟಗಾರ್ತಿಯರ ಮನೆಮಂದಿ, ಜತೆಗೆ ಮಳೆಗೆ ಹೆದರಿ ಒಳಬಂದ ನಾಲ್ಕಾರು ಜನ. "ಮಳೆ ನಿಂತ ಕೂಡಲೇ ಅವರೂ ಎದ್ದು ಹೋದ್ರು. ಆಗ ನಂದು ಮೂವತ್ತೆಂಟು ಪಾಯಿಂಟಾಗಿತ್ತು," ಎಂದು ನಗುತ್ತಾಳೆ. ಜನ ಬರುವುದಿಲ್ಲವೆಂದು ಕ್ಲಬ್ಬು ಮಹಿಳಾ ತಂಡವನ್ನೇ ಮುಚ್ಚಿತು. ಬೇರೆ ಕೆಲಸ ಕಲಿತಿರದ ಈಕೆ ಚೆಂಡು ಒರೆಸುವ, ಗಾಳಿ ತುಂಬುವ, ಅಭ್ಯಾಸಕ್ಕೆ ಚೆಂಡು ಕೊಡುವ ಕೆಲಸಕ್ಕೆ ನಿಂತಳು.

ಕಳೆದ ತಿಂಗಳು ಬಾಣ ಎಂಟು ಸಾವಿರ ಅಂಕ ದಾಟಿದ. ಸನ್ಮಾನದ ಬ್ಯಾನರ್ ಬಂತು: 'ಕ್ಲಬ್ಬಿನ ಇತಿಹಾಸದಲ್ಲೇ ಮೊದಲಿಗ'. ಅದನ್ನು ಕಟ್ಟುವವನ ಏಣಿ ಹಿಡಿದು ನಿಂತವಳು ಚೆಂಡಕ್ಕನೇ. ಓದಿದಳು. ಏಣಿ ಬಿಡುವಂತಿರಲಿಲ್ಲ. ಅವನು ಇಳಿದ ಮೇಲೆ ನೇರ ಮ್ಯಾನೇಜರ ಕೋಣೆಗೆ ಹೋದಳು.

"ನನ್ನ ಹೆಸರು ಹಾಕಿ ಅಂತಲ್ಲ ಸಾರ್. 'ಮೊದಲಿಗ' ಅನ್ನೋದಕ್ಕೆ ಮುಂಚೆ 'ಗಂಡಸರಲ್ಲಿ' ಅಂತ ಒಂದು ಮಾತು ಸೇರಿಸಿ."

"ಹೆಂಗಸರ ಪಾಯಿಂಟು ಬೇರೆ ಅಲ್ವೇನಮ್ಮಾ? ನಿಮ್ಮ ಚೆಂಡೇ ಚಿಕ್ಕದು."

"ಚೆಂಡು ಒಂದು ಸುತ್ತು ಚಿಕ್ಕದು, ಒಪ್ಪಿದೆ. ರಿಂಗನ್ನ ನಮಗೋಸ್ಕರ ಯಾರೂ ಕೆಳಗೆ ಇಳಿಸಿರಲಿಲ್ವಲ್ಲ ಸಾರ್?"

ಮ್ಯಾನೇಜರು ಫೋನು ಎತ್ತಿಕೊಂಡರು.

ವಿಷಯ ಬಾಣನ ಕಿವಿಗೂ ಬಿತ್ತು. "ಬ್ಯಾನರ್ ಹಾಳಾಗ್ಲಿ ಬಿಡಿ ಅಕ್ಕ. ಮೈಕು ನನ್ನ ಕೈಲಿರುತ್ತೆ. ನೀವೇ ಮೊದಲು ಅಂತ ನಾನೇ ಹೇಳ್ತೀನಿ," ಎಂದ. ಆ ಮಾತು ನಂಬಿ ಚೆಂಡಕ್ಕ ಸನ್ಮಾನಕ್ಕೆ ಮಗಳನ್ನು ಕರೆದೊಯ್ದಳು. ತಂಡ ಮುಚ್ಚಿದ ವರ್ಷ ಹುಟ್ಟಿದ ಮಗಳು. ಅಮ್ಮ ಆಡಿದ್ದನ್ನು ಕಂಡವಳಲ್ಲ. 'ಅಮ್ಮ ಬಿಡೋದೆಲ್ಲ ಬುರುಡೆ' ಎಂದು ಅಪ್ಪನ ಹತ್ತಿರ ಕಿಸಿಕಿಸಿ ನಗುತ್ತಿದ್ದವಳು.

ಬಾಣ ತಾಯಿಗೆ, ತರಬೇತುದಾರರಿಗೆ, ಶೂ ಕಂಪನಿಗೆ ಕೃತಜ್ಞತೆ ಹೇಳಿದ. ಮೊದಲ ಸಾಲಿನಲ್ಲಿ ಮ್ಯಾನೇಜರು ಕೂತಿದ್ದರು. ಬಾಣ ಅವರತ್ತ ಒಮ್ಮೆ ನೋಡಿ, "ದಿನಾ ಚೆಂಡು ಹೆಕ್ಕಿಕೊಡೋ ನಮ್ಮ ಚೆಂಡಕ್ಕನಿಗೂ ಥ್ಯಾಂಕ್ಸ್," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳೂ ತಟ್ಟಿದಳು. "ಅಮ್ಮಾ, ನಿನ್ನ ಹೆಸರು ಹೇಳಿದ್ರು!" ಎಂದು ತೋಳು ಹಿಡಿದು ಅಲುಗಿಸಿದಳು.

"ಅದು ಹೆಸರೂ ಅಲ್ಲ," ಎನ್ನುತ್ತಾಳೆ ಚೆಂಡಕ್ಕ. "ಆದ್ರೂ ಮಗಳ ಮುಖ ನೋಡಿ ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಕೈ ತೊಳ್ಕೊಂಡೆ."

ಮರುದಿನ ಬೆಳಿಗ್ಗೆ ಬಾಣ ಕಣ್ಣು ತಪ್ಪಿಸಿದ. "ಅಕ್ಕ, ಅಲ್ಲಿ ಮಾತು ಬಾಯಿಗೆ ಬರಲಿಲ್ಲ," ಎಂದ. "ಚೆಂಡು ಹಿಡಿ," ಎಂದಳಂತೆ ಈಕೆ. ಆಮೇಲೆ ಇಬ್ಬರೂ ಆ ಮಾತು ಎತ್ತಿಲ್ಲ.

ಅಭ್ಯಾಸ ಮುಗಿದಿದೆ. ಚೆಂಡಕ್ಕ ಒಂದೊಂದೇ ಚೆಂಡು ಒರೆಸಿ ಚೀಲಕ್ಕೆ ತುಂಬುತ್ತಿದ್ದಾಳೆ. ಇಷ್ಟಾದ ಮೇಲೂ ಅವನ ಮೊಣಕೈ ಯಾಕೆ ತಿದ್ದುತ್ತೀರಿ ಎಂದು ಕೇಳಿದರೆ ತಲೆ ಎತ್ತುವುದಿಲ್ಲ.

"ಅವನು ನನ್ನನ್ನ ದಾಟಬೇಕು. ಇನ್ನೂರು ಚಿಲ್ಲರೆ ಉಳಿದಿದೆ, ಈ ಸೀಸನ್ನಲ್ಲೇ ಆಗುತ್ತೆ. ಆ ದಿನ ಯಾರೂ ಫೋಟೋ ತೆಗೆಯಲ್ಲ, ಯಾರಿಗೂ ತಿಳಿಯೋದೂ ಇಲ್ಲ. ಆದ್ರೆ ಅವನಿಗೆ ಗೊತ್ತಿರುತ್ತೆ. ಅಲ್ಲೀತನಕ ಅವನು ನನ್ನ ಹಿಂದೇನೇ."