ತಮ್ಮನ ಅರ್ಧ ಮಾತು

ನಮ್ಮದು ಬೀಡಿ ಕಟ್ಟುವ ಮನೆ. ಬಂಟ್ವಾಳದ ಆ ಜಗಲಿಯಲ್ಲಿ ಅಮ್ಮ, ಅಜ್ಜಿ, ನಾನು ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಕೂತರೆ ಕೈಯಷ್ಟೇ ಬಾಯಿಯೂ ಓಡುತ್ತಿತ್ತು. ಆದರೆ ಬೀಡಿಯ ಕಟ್ಟು ಎಣಿಸುವಾಗ ಮಾತು ಅರ್ಧಕ್ಕೇ ನಿಲ್ಲಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಅಮ್ಮ ನಿಲ್ಲಿಸಿದ್ದನ್ನು ಅಜ್ಜಿ ಮುಗಿಸುತ್ತಿದ್ದಳು, ಅಜ್ಜಿ ನಿಲ್ಲಿಸಿದ್ದನ್ನು ನಾನು.

ನನ್ನ ತಮ್ಮ ಮಾತು ಕಲಿತದ್ದು ಅಲ್ಲಿ, ನಮ್ಮ ನಡುವೆ ಆಟವಾಡಿಕೊಂಡು. ಅವನಿಗೆ ತೊದಲು ಇಲ್ಲ. ಆದರೆ ಮನೆಯ ತುಳುವಾಗಲಿ ಶಾಲೆಯ ಕನ್ನಡವಾಗಲಿ, ಅರ್ಧ ಹೇಳಿ ನಿಲ್ಲಿಸಿ ನನ್ನ ಮುಖ ನೋಡುತ್ತಾನೆ. ಉಳಿದದ್ದನ್ನು ನಾನು ಹೇಳುತ್ತೇನೆ. ಅವನು ಶಾಲೆಯಲ್ಲಿದ್ದಾಗ ಟೀಚರ್ ಒಮ್ಮೆ, "ಅವನೇ ಹೇಳಲಿ, ನೀನು ಸುಮ್ಮನಿರು" ಎಂದಿದ್ದರು. ನಾನು ಸುಮ್ಮನಿರಲಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಓದುವ ತಮ್ಮನಿಗೂ ನಾನು ಬೇಕು ಎನ್ನುವುದು ಹಿತವಾಗಿತ್ತು.

ಈಗ ಅವನಿಗೆ ಮದುವೆಯ ವಯಸ್ಸು. ಮೊನ್ನೆ ಬೆಳುವಾಯಿಗೆ ಹೆಣ್ಣು ನೋಡಲು ಹೋದೆವು. ಮೂಡುಬಿದಿರೆಯ ಬಟ್ಟೆಯಂಗಡಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ನೋಡಿದಂದಿನಿಂದ ತಮ್ಮನಿಗೆ ಅವಳ ಮೇಲೆಯೇ ಮನಸ್ಸು. ಚಾ ಕೊಟ್ಟು ಕೂತವಳು ನೇರ ಅವನನ್ನೇ ಕೇಳಿದಳು:

"ಮದುವೆ ಆದ್ಮೇಲೆ ನಾನು ಕೆಲಸ ಬಿಡ್ಬೇಕಾ?"

"ಅದು... ನನಗೆ ಎಂತ ಅಂದ್ರೆ..." ತಮ್ಮ ನಿಲ್ಲಿಸಿದ. ಕಣ್ಣು ನನ್ನ ಕಡೆ.

"ನಿನ್ನ ಇಷ್ಟ ಮಾರಾಯ್ತಿ, ಅವನದ್ದೆಂತ ಅಡ್ಡಿ ಇಲ್ಲ," ಎಂದೆ.

"ನಾನು ಕೇಳಿದ್ದು ಅವರ ಹತ್ರ."

ಅವಳ ಚಿಕ್ಕಮ್ಮ ನಕ್ಕರು. "ಹುಡುಗ ಬಾಯಿಯನ್ನು ಅಕ್ಕನ ಹತ್ರ ಕೊಟ್ಟು ಬಂದಿದ್ದಾನೆ. ನಾಳೆ ಮಂಟಪದಲ್ಲಿ ಕೂತ್ಕೊಳ್ಳುದು ಯಾರು?"

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ನಾವು ಮೂಡುಬಿದಿರೆಯಲ್ಲಿ ಬಸ್ಸು ಹತ್ತುವಷ್ಟರಲ್ಲೇ ಮದುವೆ ದಲ್ಲಾಳಿಯ ಫೋನು ಬಂತು. ಅವಳಿಗೆ ಬೇಡವಂತೆ.

ಬಸ್ಸು ಸಿದ್ದಕಟ್ಟೆ ದಾಟಿದ ಮೇಲೆ ತಮ್ಮ ಬಾಯಿ ಬಿಟ್ಟ. "ನಾನು ಹೇಳ್ಲಿಕ್ಕೆ ಹೊರಟದ್ದು ಅದಲ್ಲ ಅಕ್ಕ."

"ಮತ್ತೆಂತ?"

"ನನಗೆ ಅವಳು..." ಈ ಸಲ ಅವನು ನನ್ನ ಮುಖ ನೋಡಲಿಲ್ಲ, ಕಿಟಕಿಯ ಹೊರಗೆ ನೋಡಿದ.

ನನ್ನ ಬಾಯಿಗೆ ಏನೇನೋ ಬಂತು. ಅದರಲ್ಲಿ ಅವನದ್ದು ಯಾವುದೆಂದು ತಿಳಿಯಲಿಲ್ಲ. ಇಷ್ಟು ವರ್ಷ ನಾನು ಮುಗಿಸಿದ ಮಾತುಗಳಲ್ಲಿ ಅವನದ್ದು ಎಷ್ಟಿತ್ತೋ.

ಈಗ ಕಟ್ಟು ಎಣಿಸಲು ಕೂತರೆ ಲೆಕ್ಕ ತಪ್ಪುತ್ತದೆ, ಬಿಚ್ಚುತ್ತೇನೆ, ಮತ್ತೆ ಎಣಿಸುತ್ತೇನೆ. ತಮ್ಮ ಬಂದು ಏನಾದರೂ ಶುರು ಮಾಡಿದರೆ ತುಟಿ ಕಚ್ಚಿಕೊಂಡು ಕಾಯುತ್ತೇನೆ. ಅವನು ಅರ್ಧಕ್ಕೆ ನಿಲ್ಲಿಸುತ್ತಾನೆ, ಆಮೇಲೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುತ್ತಾನೆ.